ಮುಂಬಯಿಯಲ್ಲಿ ಹನ್ನೊಂದನೇ ತರಗತಿಯ ಸೀಟು: ಯಾರಿಗೆ, ಹೇಗೆ ಸಿಗುತ್ತದೆ?

ಹತ್ತನೇ ತರಗತಿಯ ಫಲಿತಾಂಶ ಬಂದ ಕೂಡಲೇ ಮುಂಬಯಿಯ ಕನ್ನಡ ಮನೆಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಮಗಳಿಗೆ ನೂರಕ್ಕೆ 84 ಬಂದಿದೆ. ಆ ಕಾಲೇಜಿನಲ್ಲಿ ಸಿಗುತ್ತದಾ?’ ಅದರ ಬೆನ್ನಿಗೇ ಇನ್ನೊಂದು: ‘ಅಲ್ಲಿ ನಿಮಗೆ ಗೊತ್ತಿರುವವರು ಯಾರಾದರೂ ಇದ್ದಾರಾ?’

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಹುಪಾಲು ಸೀಟುಗಳನ್ನು ಯಾರಿಗೆ ಕೊಡಬೇಕು ಎಂದು ಪ್ರಿನ್ಸಿಪಾಲರು ತೀರ್ಮಾನಿಸುವುದೇ ಇಲ್ಲ. ಮುಂಬಯಿಯಲ್ಲಿ 2009ರಿಂದ ಹನ್ನೊಂದನೇ ತರಗತಿಯ ಪ್ರವೇಶ ಆನ್‌ಲೈನ್ ಆಗಿದೆ. 2025ರಿಂದ ಇಡೀ ಮಹಾರಾಷ್ಟ್ರಕ್ಕೆ ಒಂದೇ ಪೋರ್ಟಲ್. ಮಗುವಿನ ಅಂಕ, ಮೀಸಲಾತಿಯ ವರ್ಗ, ನೀವು ಬರೆದ ಕಾಲೇಜುಗಳ ಕ್ರಮ, ಈ ಮೂರನ್ನು ನೋಡಿ ಕಂಪ್ಯೂಟರ್ ಸೀಟು ಹಂಚುತ್ತದೆ. ಕಾಲೇಜಿನ ಕೈಗೆ ಬರುವುದು ಹೆಸರುಗಳ ಪಟ್ಟಿ.

ಫಲಿತಾಂಶ ಬಂದ ಮೇಲೆ ಅಂಕ ಬದಲಾಗುವುದಿಲ್ಲ. ಆಗ ನಿಮ್ಮ ಕೈಯಲ್ಲಿ ಉಳಿಯುವುದು ಎರಡೇ: ಕಾಗದಪತ್ರ ಮತ್ತು ಆಯ್ಕೆಪಟ್ಟಿ. ಒಳ್ಳೆಯ ಅಂಕ ಬಂದೂ ಬೇಡದ ಕಾಲೇಜಿಗೆ ಬಿದ್ದ ಮಕ್ಕಳ ಫಾರ್ಮ್ ತೆಗೆದು ನೋಡಿದರೆ ತಪ್ಪು ಹೆಚ್ಚಾಗಿ ಈ ಎರಡರಲ್ಲೇ ಇರುತ್ತದೆ. ಅದಕ್ಕೇ ಹಂತ ಹಂತವಾಗಿ ಬರೆಯುತ್ತಿದ್ದೇನೆ. ತಾರೀಖು, ಶುಲ್ಕ, ಸಣ್ಣಪುಟ್ಟ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಅವನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ನೋಡಿಕೊಳ್ಳಿ.

ಹಂತ 1: ಸೀಟುಗಳು ಹೇಗೆ ಹಂಚಿಹೋಗುತ್ತವೆ ಎಂದು ತಿಳಿದುಕೊಳ್ಳಿ

ಒಂದು ಕಾಲೇಜಿನಲ್ಲಿ 120 ಸೀಟು ಇದೆ ಎಂದರೆ ಆ 120 ಸೀಟಿಗೂ ಎಲ್ಲರೂ ಪೈಪೋಟಿ ಮಾಡುತ್ತಾರೆ ಎಂದಲ್ಲ. ಮೊದಲು ಕೋಟಾಗಳು ಬೇರೆಯಾಗುತ್ತವೆ.

ಇನ್‌ಹೌಸ್ ಕೋಟಾ ಎಂದರೆ ಅದೇ ಸಂಸ್ಥೆಯ ಶಾಲೆಯಲ್ಲಿ ಹತ್ತನೇ ತರಗತಿ ಓದಿದ ಮಕ್ಕಳಿಗೆ ಇಟ್ಟ ಸೀಟು. ಇದು ನೂರಕ್ಕೆ 10. ಮ್ಯಾನೇಜ್‌ಮೆಂಟ್ ಕೋಟಾ, ಅಂದರೆ ಆಡಳಿತ ಮಂಡಳಿ ತಾನೇ ತುಂಬುವ ಸೀಟು, ನೂರಕ್ಕೆ 5. ಮೂರನೆಯದು ಅಲ್ಪಸಂಖ್ಯಾತ ಕೋಟಾ. ಭಾಷೆ ಅಥವಾ ಧರ್ಮದ ಆಧಾರದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಅರ್ಧದಷ್ಟು ಸೀಟು ಆ ಸಮುದಾಯದ ಮಕ್ಕಳಿಗೆ ಮೀಸಲು.

ಮುಂಬಯಿಯಲ್ಲಿ ಈ ಮೂರನೆಯ ಕೋಟಾದ ಪರಿಣಾಮ ಜಾಸ್ತಿ. ಚರ್ಚ್‌ಗೇಟಿನ ಎಚ್.ಆರ್. ಮತ್ತು ಕೆ.ಸಿ. ಸಿಂಧಿ ಭಾಷಿಕರ ಸಂಸ್ಥೆಯವು. ವಿಲೇಪಾರ್ಲೆಯ ಮೀಠೀಬಾಯಿ ಗುಜರಾತಿಗಳದು. ಸೇಂಟ್ ಝೇವಿಯರ್ಸ್ ಕ್ರೈಸ್ತರದು. ಇಂಥ ಕಡೆ ಆ ಸಮುದಾಯಕ್ಕೆ ಸೇರದ ನಮ್ಮ ಮಕ್ಕಳಿಗೆ ಮೆರಿಟ್ ಮೇಲೆ ಉಳಿಯುವುದು ಅರ್ಧಕ್ಕಿಂತ ಕಡಿಮೆ ಸೀಟು. ಕಟ್‌ಆಫ್ ಅಷ್ಟು ಮೇಲೆ ನಿಲ್ಲಲು ಇದೂ ಒಂದು ಕಾರಣ.

ಉಳಿದ ಸೀಟುಗಳಲ್ಲಿ ಸಾಮಾಜಿಕ ಮೀಸಲಾತಿ ಬರುತ್ತದೆ. ಮಹಾರಾಷ್ಟ್ರದಲ್ಲಿ ಎಸ್‌ಸಿಗೆ ನೂರಕ್ಕೆ 13, ಎಸ್‌ಟಿಗೆ 7, ಅಲೆಮಾರಿ ಮತ್ತು ವಿಮುಕ್ತ ಜಾತಿಗಳ ನಾಲ್ಕು ಗುಂಪಿಗೆ ಒಟ್ಟು 11, ವಿಶೇಷ ಹಿಂದುಳಿದ ವರ್ಗಕ್ಕೆ 2, ಒಬಿಸಿಗೆ 19. ಇದರ ಮೇಲೆ ಎಸ್‌ಇಬಿಸಿ 10, ಇಡಬ್ಲ್ಯುಎಸ್ 10. ಎಸ್‌ಇಬಿಸಿ ಎಂದರೆ 2024ರ ಕಾಯಿದೆಯಿಂದ ಮರಾಠಾ ಸಮುದಾಯಕ್ಕೆ ಬಂದದ್ದು. ಇಡಬ್ಲ್ಯುಎಸ್ ಎಂದರೆ ಬೇರಾವ ಮೀಸಲಾತಿಯೂ ಇಲ್ಲದ, ಆರ್ಥಿಕವಾಗಿ ಹಿಂದುಳಿದ ಮನೆಯವರಿಗೆ ಇರುವುದು. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಈ ಸಾಮಾಜಿಕ ಮೀಸಲಾತಿ ಇರುವುದಿಲ್ಲ. ಮೀಸಲಾತಿಯನ್ನು ನಂಬಿಕೊಂಡು ಆಯ್ಕೆಪಟ್ಟಿಯ ತುಂಬ ಅಂಥ ಕಾಲೇಜುಗಳನ್ನೇ ತುಂಬಿಸಬೇಡಿ.

ಈಗ ಕಟ್‌ಆಫ್ ಎಂದರೇನು ಎಂಬುದು. ಅದು ಕಾಲೇಜು ಮೊದಲೇ ಹಾಕಿಟ್ಟ ಗೆರೆ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಸೀಟು ಹಂಚುವುದು ಹಲವು ಸುತ್ತುಗಳಲ್ಲಿ, ಅಂದರೆ ರೌಂಡುಗಳಲ್ಲಿ. ಒಂದು ರೌಂಡಿನಲ್ಲಿ ಒಂದು ವರ್ಗದಲ್ಲಿ ಸೀಟು ಸಿಕ್ಕ ಕೊನೆಯ ವಿದ್ಯಾರ್ಥಿಯ ಅಂಕವೇ ಕಟ್‌ಆಫ್. ಯಾರು ಯಾವ ಕಾಲೇಜನ್ನು ಎಷ್ಟನೆಯದಾಗಿ ಬರೆದರು ಎಂಬುದರ ಮೇಲೆ ಅದು ಪ್ರತಿವರ್ಷ ಏರಿಳಿಯುತ್ತದೆ.

ಹಂತ 2: ಕಾಗದಪತ್ರ, ಅದರಲ್ಲೂ ಈ ಮೂರು

ಅಂಕಪಟ್ಟಿ, ಆಧಾರ್, ಎಲ್‌ಸಿ ಎಲ್ಲರಿಗೂ ಬೇಕು. ಎಲ್‌ಸಿ ಎಂದರೆ ಶಾಲೆ ಬಿಟ್ಟ ಪ್ರಮಾಣಪತ್ರ, ಊರಿನಲ್ಲಿ ನಾವು ಟಿಸಿ ಎನ್ನುವುದು. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕನ್ನಡಿಗರ ಮನೆಗಳಲ್ಲಿ ತೊಡಕಾಗುವ ಮೂರು ಸಂಗತಿಗಳ ಬಗ್ಗೆ ಮಾತ್ರ ಬಿಡಿಸಿ ಹೇಳುತ್ತೇನೆ.

ಒಂದು, ಎಲ್‌ಸಿಯಲ್ಲಿ ಮಾತೃಭಾಷೆಯ ಕಾಲಮ್. ಭಾಷಾ ಅಲ್ಪಸಂಖ್ಯಾತ ಸೀಟು ಕೇಳುವಾಗ ಮೊದಲು ನೋಡುವುದು ಇದನ್ನೇ. ಮಹಾರಾಷ್ಟ್ರದಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು. ಕನ್ನಡ ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಇರುವ ಕಾಲೇಜಿನಲ್ಲಿ ನಮ್ಮ ಮಕ್ಕಳಿಗೆ ಅರ್ಧದಷ್ಟು ಸೀಟಿನಲ್ಲಿ ಹಕ್ಕಿದೆ. ಆದರೆ ಮೊದಲ ತರಗತಿಗೆ ಸೇರಿಸುವಾಗ ಯಾರೋ ಆ ಕಾಲಮಿನಲ್ಲಿ ‘ಹಿಂದಿ’ ಎಂದು ಬರೆದಿರುತ್ತಾರೆ. ತುಳು ಮಾತಾಡುವ ಮನೆಯಾದರೆ ‘ತುಳು’ ಎಂದಿರಬಹುದು. ಆಗ ಕಾಲೇಜಿಗೆ ಯಾವ ಭಾಷೆಯ ಮಾನ್ಯತೆ ಇದೆ ಎಂಬುದಕ್ಕೆ ಅದು ಹೊಂದಬೇಕು. ಮಗು ಒಂಬತ್ತನೇ ತರಗತಿಯಲ್ಲಿ ಇರುವಾಗಲೇ ಶಾಲೆಯ ರಿಜಿಸ್ಟರಿನಲ್ಲಿ ಏನಿದೆ ಎಂದು ಕೇಳಿ ನೋಡಿ. ಎಲ್‌ಸಿ ಕೈಗೆ ಬಂದ ಮೇಲೆ ತಿದ್ದಿಸುವುದು ಬಲು ಕಷ್ಟ.

ಇಲ್ಲೇ ಇನ್ನೊಂದು ಮಾತು. ವಡಾಲಾದ ಎನ್.ಕೆ.ಇ.ಎಸ್.ನಂತೆ, ಪುಣೆಯಲ್ಲಿ ಕನ್ನಡ ಸಂಘ ನಡೆಸುವ ಕಾವೇರಿ ಕಾಲೇಜಿನಂತೆ, ಕನ್ನಡಿಗರೇ ಕಟ್ಟಿದ ಸಂಸ್ಥೆಗಳಿವೆ. ಕನ್ನಡಿಗರು ಕಟ್ಟಿದ್ದು ಎಂದ ಮಾತ್ರಕ್ಕೆ ಅಲ್ಲಿ ಕನ್ನಡ ಕೋಟಾ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಪೋರ್ಟಲ್‌ನಲ್ಲಿ ಪ್ರತಿ ಕಾಲೇಜಿನ ಮುಂದೆ ಅದಕ್ಕೆ ಯಾವ ಅಲ್ಪಸಂಖ್ಯಾತ ಮಾನ್ಯತೆ ಎಂದು ಬರೆದಿರುತ್ತದೆ. ಅದನ್ನು ನೋಡಿ, ಕಾಲೇಜಿನ ಆಫೀಸಿನಲ್ಲೂ ಕೇಳಿ.

ಎರಡು, ಜಾತಿ ಪ್ರಮಾಣಪತ್ರ. ಕರ್ನಾಟಕದ ತಹಶೀಲ್ದಾರರು ಕೊಟ್ಟ ಪತ್ರದಿಂದ ಮಹಾರಾಷ್ಟ್ರದಲ್ಲಿ ಮೀಸಲಾತಿ ಸೀಟು ಸಿಗುವುದಿಲ್ಲ. ಇಲ್ಲಿನ ಅಧಿಕಾರಿ ಕೊಟ್ಟ ಪತ್ರ ಬೇಕು. ಅದು ಸಿಗಬೇಕಾದರೆ ನಿಮ್ಮ ಕುಟುಂಬ ಒಂದು ಗೊತ್ತಾದ ದಿನಾಂಕಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿ ನೆಲೆಸಿತ್ತು ಎಂದು ತೋರಿಸಬೇಕು. ಎಸ್‌ಸಿಗೆ 1950ರ ಆಗಸ್ಟ್ 10, ಎಸ್‌ಟಿಗೆ 1950ರ ಸೆಪ್ಟೆಂಬರ್ 6, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21, ಒಬಿಸಿ ಮತ್ತು ವಿಶೇಷ ಹಿಂದುಳಿದ ವರ್ಗಕ್ಕೆ 1967ರ ಅಕ್ಟೋಬರ್ 13. ಅಜ್ಜ ಆ ಕಾಲದಲ್ಲೇ ಹೋಟೆಲ್ ಕೆಲಸಕ್ಕೋ ಮಿಲ್ಲಿಗೋ ಬಂದಿದ್ದರೆ ಅವರ ಶಾಲಾ ದಾಖಲೆ, ಹಳೆಯ ಬಾಡಿಗೆ ರಸೀದಿ, ನೌಕರಿಯ ಕಾಗದ ಹುಡುಕಿಡಿ. ಅವಕ್ಕೆ ಈಗ ಬೆಲೆ ಬರುತ್ತದೆ. ಆಮೇಲೆ ಬಂದ ಕುಟುಂಬವಾದರೆ ಫಾರ್ಮಿನಲ್ಲಿ ಓಪನ್, ಅಂದರೆ ಮೀಸಲಾತಿ ಇಲ್ಲದ ವರ್ಗ ಎಂದೇ ಬರೆಯಿರಿ. ಊರಿನ ಪತ್ರ ನಂಬಿ ಮೀಸಲಾತಿ ಗುರುತು ಹಾಕಿದರೆ ಸೀಟು ಬಂದ ದಿನ ಕಾಲೇಜಿನಲ್ಲಿ ತಿರಸ್ಕಾರವಾಗುತ್ತದೆ. ಆ ರೌಂಡೂ ಕೈ ತಪ್ಪುತ್ತದೆ.

ಹಾಗೆಯೇ ಕರ್ನಾಟಕದಲ್ಲಿ 2ಎ, 3ಬಿ ಎಂದಿರುವ ಜಾತಿ ಇಲ್ಲಿಯೂ ಒಬಿಸಿ ಆಗಿರಲೇಬೇಕು ಎಂದಿಲ್ಲ. ಮಹಾರಾಷ್ಟ್ರದ ಪಟ್ಟಿ ಬೇರೆ. ಉಪಜಾತಿಯ ಹೆಸರು, ಕಾಗುಣಿತ ಎರಡನ್ನೂ ಅದರಲ್ಲಿ ಹುಡುಕಿ.

ಮೂರು, ನಾನ್ ಕ್ರೀಮಿ ಲೇಯರ್ ಪತ್ರ. ಹಿಂದುಳಿದ ವರ್ಗದವರೇ ಆದರೂ ಕುಟುಂಬದ ಆದಾಯ ಮಿತಿಯೊಳಗೆ ಇದೆ ಎಂದು ಹೇಳುವ ಪತ್ರ ಇದು. ಇದರ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಪ್ರವೇಶ ನಡೆಯುವುದು ಅದರ ನಂತರ. ಹಳೆಯದನ್ನೇ ಹಿಡಿದುಕೊಂಡು ಹೋಗಿ ವಾಪಸ್ ಬರುವವರನ್ನು ಪ್ರತಿವರ್ಷ ನೋಡುತ್ತೇವೆ. ಏಪ್ರಿಲ್‌ನಲ್ಲೇ ಹೊಸದಕ್ಕೆ ಅರ್ಜಿ ಹಾಕಿ.

ಹಂತ 3: ಫಾರ್ಮಿನ ಮೊದಲ ಭಾಗ

ಇದರಲ್ಲಿ ಹೆಸರು, ವಿಳಾಸ, ಅಂಕ, ವರ್ಗ ತುಂಬಬೇಕು. ಮಹಾರಾಷ್ಟ್ರ ಬೋರ್ಡಿನ ಮಕ್ಕಳಿಗೆ ಹತ್ತನೇ ತರಗತಿ ಪರೀಕ್ಷೆಯ ಸೀಟ್ ನಂಬರ್ ಹಾಕಿದರೆ ಅಂಕ ತಾನಾಗಿ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದರೂ ಬೋರ್ಡ್ ಒಂದೇ, ಮೆರಿಟ್ ಲಿಸ್ಟ್ ಒಂದೇ. ಮುನಿಸಿಪಾಲಿಟಿಯ ಕನ್ನಡ ಶಾಲೆಯ ಮಗು ಎಂದು ಯಾರೂ ಹಿಂದೆ ನಿಲ್ಲಿಸುವುದಿಲ್ಲ. ಈ ಹೆದರಿಕೆ ಇರುವ ತಾಯಂದಿರು ದಯವಿಟ್ಟು ಅದನ್ನು ಬಿಡಿ.

ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರು, ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳು ಅಂಕವನ್ನು ಕೈಯಿಂದ ತುಂಬಿ ಪರಿಶೀಲನೆ ಮಾಡಿಸಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಒಟ್ಟು 625 ಅಲ್ವಾ? ಎಷ್ಟಕ್ಕೆ ಎಷ್ಟು ಎಂಬ ಎರಡೂ ಅಂಕಿಗಳನ್ನು ಅಂಕಪಟ್ಟಿಯಲ್ಲಿ ಇದ್ದಂತೆಯೇ ಹಾಕಿ. 125ಕ್ಕೆ ಬಂದದ್ದನ್ನು 100ಕ್ಕೆ ಬಂದಂತೆ ತುಂಬಿದರೆ ಪರಿಶೀಲನೆಯಲ್ಲಿ ಫಾರ್ಮ್ ಸಿಕ್ಕಿಬೀಳುತ್ತದೆ.

ಮಹಾರಾಷ್ಟ್ರ ಬೋರ್ಡಿನಲ್ಲಿ ‘ಬೆಸ್ಟ್ ಆಫ್ ಫೈವ್’ ನಡೆಯುತ್ತದೆ. ಅಂದರೆ ಅತಿ ಹೆಚ್ಚು ಅಂಕ ಬಂದ ಐದು ವಿಷಯಗಳ ಮೊತ್ತ, 500ಕ್ಕೆ. ಕ್ರೀಡೆ, ಶಾಸ್ತ್ರೀಯ ಕಲೆ, ಚಿತ್ರಕಲೆಯ ಗ್ರೇಡ್ ಪರೀಕ್ಷೆಗಳಿಗೂ ಹೆಚ್ಚುವರಿ ಅಂಕ ಸೇರುತ್ತದೆ. ಮಕ್ಕಳ ಅಂಕ ಅಷ್ಟೊಂದು ಮೇಲೆ ಹೋಗಲು ಇದೂ ಒಂದು ಕಾರಣ. ಹಾಗಾಗಿ ನೂರಕ್ಕೆ 90 ಬಂದರೂ ಹೆಸರಾಂತ ಕಾಲೇಜಿನಲ್ಲಿ ಸಿಗದೆ ಹೋಗಬಹುದು. ಮಗುವನ್ನು ಅದಕ್ಕಾಗಿ ಬೈಯಬೇಡಿ.

ಒಂದು ಎಚ್ಚರಿಕೆ. ಸೈಬರ್ ಕೆಫೆಯಲ್ಲಿ ಫಾರ್ಮ್ ತುಂಬಿಸುವಾಗ ಅಂಗಡಿಯವರ ಮೊಬೈಲ್ ನಂಬರ್ ಹಾಕಿಸಬೇಡಿ. ಮೆಸೇಜು, ಓಟಿಪಿ ಎಲ್ಲ ಅವರಿಗೆ ಹೋಗುತ್ತದೆ. ನಿಮ್ಮ ನಂಬರ್ ಇರಲಿ, ಪಾಸ್‌ವರ್ಡ್ ಡೈರಿಯಲ್ಲಿ ಬರೆದಿಡಿ. ಕೊನೆಗೆ ಫಾರ್ಮ್ ಲಾಕ್ ಆಗಿದೆಯೇ ಎಂದು ನೋಡಿ. ಲಾಕ್ ಆಗದ ಫಾರ್ಮ್ ಲೆಕ್ಕಕ್ಕೇ ಬರುವುದಿಲ್ಲ.

ಹಂತ 4: ಆಯ್ಕೆಪಟ್ಟಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಫಾರ್ಮಿನ ಎರಡನೇ ಭಾಗದಲ್ಲಿ 10 ಕಾಲೇಜುಗಳವರೆಗೆ ಕ್ರಮವಾಗಿ ಬರೆಯಬಹುದು.

ಕಂಪ್ಯೂಟರ್ ಮಾಡುವ ಕೆಲಸ ಹೀಗಿದೆ. ಅತಿ ಹೆಚ್ಚು ಅಂಕದ ವಿದ್ಯಾರ್ಥಿಯಿಂದ ಶುರು. ಅವನ ಮೊದಲ ಆಯ್ಕೆಯಲ್ಲಿ ಸೀಟು ಇದೆಯಾ? ಇದ್ದರೆ ಕೊಟ್ಟಿತು. ಇಲ್ಲದಿದ್ದರೆ ಎರಡನೆಯದು, ಮೂರನೆಯದು. ಆಮೇಲೆ ಮುಂದಿನ ವಿದ್ಯಾರ್ಥಿ. ನಿಮ್ಮ ಮಗಳ ಸರದಿ ಬಂದಾಗ ಅವಳ ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ನೋಡುತ್ತಾ ಬಂದು ಎಲ್ಲಿ ಸೀಟು ಉಳಿದಿದೆಯೋ ಅಲ್ಲಿ ನಿಲ್ಲುತ್ತದೆ.

ಇದರಿಂದ ಎರಡು ಸಂಗತಿ ಗೊತ್ತಾಗುತ್ತದೆ. ‘ನಮ್ಮ ಕಾಲೇಜನ್ನು ಎರಡನೆಯದಾಗಿ ಬರೆದಿದ್ದೀರಿ’ ಎಂದು ಯಾವ ಕಾಲೇಜೂ ಸಿಟ್ಟಾಗಿ ಸೀಟು ತಪ್ಪಿಸುವಂತಿಲ್ಲ. ಅಂಕ ಹೆಚ್ಚಿದ್ದವರಿಗೇ ಮೊದಲು, ಯಾರು ಎಷ್ಟನೆಯದಾಗಿ ಬರೆದರು ಎಂಬುದಕ್ಕಲ್ಲ. ಎರಡನೆಯದು, ಸಿಗಲಾರದ ಕಾಲೇಜನ್ನು ಮೇಲೆ ಬರೆದದ್ದರಿಂದ ಕೆಳಗಿನ ಕಾಲೇಜಿನಲ್ಲಿ ನಿಮ್ಮ ಅವಕಾಶ ಕಡಿಮೆಯಾಗುವುದಿಲ್ಲ. ಆಸೆಯ ಕಾಲೇಜನ್ನು ಧೈರ್ಯವಾಗಿ ಮೇಲೆ ಬರೆಯಿರಿ.

ಆದರೆ ಒಂದು ಬಿಗಿ ನಿಯಮವಿದೆ. ಮೊದಲ ಆಯ್ಕೆಯ ಕಾಲೇಜೇ ಸಿಕ್ಕಿದರೆ ಸೇರಲೇಬೇಕು. ಸೇರದಿದ್ದರೆ ಮುಂದಿನ ಸಾಮಾನ್ಯ ರೌಂಡುಗಳಲ್ಲಿ ಮಗುವಿಗೆ ಜಾಗವಿಲ್ಲ. ಎಲ್ಲ ಮುಗಿದ ಮೇಲೆ ಉಳಿದ ಸೀಟಿಗೆ ಕಾಯಬೇಕು. ಡೊಂಬಿವಲಿಯಲ್ಲಿ ಮನೆ ಇಟ್ಟುಕೊಂಡು, ಹೆಸರು ಕೇಳಿ ಚರ್ಚ್‌ಗೇಟಿನ ಕಾಲೇಜನ್ನು ಸುಮ್ನೆ ಮೊದಲು ಬರೆದು, ಸಿಕ್ಕ ಮೇಲೆ ‘ಅಷ್ಟು ದೂರ ಹೇಗೆ ಕಳಿಸೋದು’ ಎನ್ನುವವರಿದ್ದಾರೆ. ಬೆಳಗ್ಗೆ ಏಳರ ಕ್ಲಾಸಾದರೆ ಮಗು ಐದೂವರೆಗೆ ರೈಲು ಹತ್ತಬೇಕು. ಅದನ್ನು ಮೊದಲೇ ಯೋಚಿಸಿ.

ಪಟ್ಟಿ ಮಾಡುವ ಬಗೆ: ಪೋರ್ಟಲ್‌ನಲ್ಲಿ ಹಿಂದಿನ ವರ್ಷದ ಕಟ್‌ಆಫ್ ತೆಗೆಯಿರಿ. ನಿಮ್ಮ ವಿಭಾಗ (ವಿಜ್ಞಾನ, ವಾಣಿಜ್ಯ ಅಥವಾ ಕಲೆ), ಮಾಧ್ಯಮ, ವರ್ಗ ಮೂರೂ ಸರಿಹೊಂದುವ ಸಾಲನ್ನೇ ನೋಡಿ. ಮೇಲಿನ ಎರಡು ಮೂರು ಜಾಗಕ್ಕೆ ಮಗುವಿನ ಅಂಕಕ್ಕಿಂತ ಸ್ವಲ್ಪ ಮೇಲಿರುವ ಕಾಲೇಜು. ನಡುವಿನ ನಾಲ್ಕಕ್ಕೆ ಅಂಕಕ್ಕೆ ಸರಿಸುಮಾರು ಹೊಂದುವವು. ಕೊನೆಯ ಮೂರಕ್ಕೆ ಖಂಡಿತ ಸಿಗುವಂಥವು, ಆದರೆ ಸಿಕ್ಕರೆ ಸೇರಲು ಮನಸ್ಸಿರುವಂಥವು. ಹತ್ತೂ ಹೆಸರಾಂತ ಕಾಲೇಜುಗಳನ್ನೇ ಬರೆದರೆ ಒಂದೂ ಸಿಗದೆ ರೌಂಡ್ ಕಳೆದುಹೋಗುತ್ತದೆ. ನಾನು ಕಂಡ ಫಾರ್ಮುಗಳಲ್ಲಿ ಅತಿ ಸಾಮಾನ್ಯ ತಪ್ಪು ಇದೇ.

ಕೋಡ್ ಸಂಖ್ಯೆಯ ಮೇಲೆ ಕಣ್ಣಿರಲಿ. ಒಂದೇ ಕಾಲೇಜಿನಲ್ಲಿ ಅನುದಾನಿತ ವಿಭಾಗಕ್ಕೂ ಅನುದಾನರಹಿತ ವಿಭಾಗಕ್ಕೂ ಬೇರೆ ಬೇರೆ ಕೋಡ್ ಇರುತ್ತದೆ. ಅನುದಾನಿತ ಎಂದರೆ ಸರ್ಕಾರ ಸಂಬಳ ಕೊಡುವುದು, ಫೀಸು ಕಡಿಮೆ. ಇನ್ನೊಂದರ ಫೀಸು ಅದರ ಹಲವು ಪಟ್ಟು ಇರಬಹುದು. ಎರಡನೇ ಭಾಷೆಯಾಗಿ ಕನ್ನಡ ಬೇಕಿದ್ದರೆ ಅದು ಇರುವ ಕಾಲೇಜುಗಳು ಕಡಿಮೆ. ಪಟ್ಟಿ ಬರೆಯುವ ಮೊದಲೇ ಕಾಲೇಜಿಗೆ ಫೋನ್ ಮಾಡಿ ಕೇಳಿ.

ಹಂತ 5: ಸೀಟು ಬಂದ ದಿನ

ಮೊದಲ ಆಯ್ಕೆ ಬಂದರೆ ಯೋಚನೆಯೇ ಬೇಡ. ಲಾಗಿನ್ ಆಗಿ ಒಪ್ಪಿಗೆಯ ಬಟನ್ ಒತ್ತಿ, ಮೂಲ ಕಾಗದಪತ್ರದೊಂದಿಗೆ ಕಾಲೇಜಿಗೆ ಹೋಗಿ, ಫೀಸು ಕಟ್ಟಿ. ಪೋರ್ಟಲ್‌ನಲ್ಲಿ ಪ್ರವೇಶ ಖಚಿತವಾಗಿದೆ ಎಂದು ತೋರಿಸಿದ ಮೇಲೆಯೇ ಮನೆಗೆ ಬನ್ನಿ. ಬಟನ್ ಒತ್ತಿದರೆ ಸಾಕು ಎಂದು ಮನೆಯಲ್ಲೇ ಕುಳಿತವರ ಸೀಟು ಹೋಗಿದೆ.

ಎರಡರಿಂದ ಹತ್ತರೊಳಗಿನ ಆಯ್ಕೆ ಬಂದರೆ ಸೇರಬಹುದು, ಅಥವಾ ಬಿಟ್ಟು ಮುಂದಿನ ರೌಂಡಿಗೆ ಕಾಯಬಹುದು. ಬಿಟ್ಟ ಸೀಟನ್ನು ನಿಮಗಾಗಿ ಯಾರೂ ತೆಗೆದಿಡುವುದಿಲ್ಲ. ನನ್ನ ಸಲಹೆ ಇಷ್ಟೇ: ಮೇಲಿನ ಕಾಲೇಜಿನ ಕಟ್‌ಆಫ್ ನಿಮ್ಮ ಅಂಕಕ್ಕಿಂತ 500ಕ್ಕೆ ಎರಡು ಮೂರು ಅಂಕ ಮಾತ್ರ ಮೇಲಿದ್ದರೆ ಕಾಯಿರಿ. ಅದಕ್ಕಿಂತ ಜಾಸ್ತಿ ಅಂತರವಿದ್ದರೆ ಸಿಕ್ಕಿದ್ದನ್ನು ಹಿಡಿಯಿರಿ.

ಏನೂ ಸಿಗದಿದ್ದರೆ ಗಾಬರಿ ಬೇಡ. ಮುಂದಿನ ರೌಂಡಿಗೆ ಮೊದಲು ಪಟ್ಟಿ ತಿದ್ದಲು ಅವಕಾಶ ಕೊಡುತ್ತಾರೆ. ಹಳೆಯ ಪಟ್ಟಿಯನ್ನೇ ಮತ್ತೆ ಕಳಿಸಬೇಡಿ, ಹೊಸ ಕಟ್‌ಆಫ್ ನೋಡಿ ಕೆಳಗಿನ ಸಾಲುಗಳನ್ನು ಬದಲಿಸಿ. ಕೊನೆಗೆ ಎಲ್ಲರಿಗೂ ತೆರೆದ ರೌಂಡ್ ಕೂಡ ಇರುತ್ತದೆ.

ಹಂತ 6: ಕೋಟಾದಿಂದ ಸೇರುವುದಾದರೆ

ಕೋಟಾ ಸೀಟಿಗೂ ಪೋರ್ಟಲ್‌ನಲ್ಲಿ ಫಾರ್ಮಿನ ಮೊದಲ ಭಾಗ ತುಂಬಿರಲೇಬೇಕು. ಪೋರ್ಟಲ್ ಬಿಟ್ಟು ಹೊರಗಿನಿಂದ ಆಗುವ ಪ್ರವೇಶಕ್ಕೆ ಮಾನ್ಯತೆ ಇಲ್ಲ. ಕೋಟಾದಲ್ಲಿ ಪ್ರವೇಶ ಖಚಿತ ಮಾಡಿಕೊಂಡರೆ ಸಾಮಾನ್ಯ ರೌಂಡುಗಳಿಂದ ಹೆಸರು ಹೋಗುತ್ತದೆ. ಒಮ್ಮೆ ಸೇರಿ ಆಮೇಲೆ ನೋಡೋಣ ಎನ್ನುವುದು ಇಲ್ಲಿ ನಡೆಯುವುದಿಲ್ಲ.

‘ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ, ಇಷ್ಟು ಕೊಡಿ’ ಎನ್ನುವ ಏಜೆಂಟರು ಜೂನ್ ತಿಂಗಳಲ್ಲಿ ಹುಟ್ಟಿಕೊಳ್ಳುತ್ತಾರೆ. ಫೀಸಿನ ಹೊರಗೆ ಡೊನೇಷನ್ ಕೇಳುವುದು ಮಹಾರಾಷ್ಟ್ರದಲ್ಲಿ 1987ರ ಕಾಯಿದೆಯ ಪ್ರಕಾರ ಅಪರಾಧ. ನಮ್ಮ ಕಡೆಯವರು, ನಮ್ಮ ಭಾಷೆಯವರು ಎಂದು ನಂಬಿ ರಸೀದಿ ಇಲ್ಲದೆ ಹಣ ಕೊಡಬೇಡಿ.

ಹಂತ 7: ಹನ್ನೆರಡರ ಮುಂದಿನದನ್ನು ಈಗಲೇ ನೋಡಿಕೊಳ್ಳಿ

ಮುಂಬಯಿ ವಿಶ್ವವಿದ್ಯಾಲಯದ ಡಿಗ್ರಿ ಕಾಲೇಜುಗಳಲ್ಲಿ ಪದ್ಧತಿ ಬೇರೆ. ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಮೊದಲು ಹೆಸರು ನೋಂದಾಯಿಸಿ, ಆಮೇಲೆ ಒಂದೊಂದು ಕಾಲೇಜಿಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಪ್ರತಿ ಕಾಲೇಜು ತನ್ನದೇ ಮೆರಿಟ್ ಲಿಸ್ಟ್ ಹಾಕುತ್ತದೆ. ಅಲ್ಲಿ ತಮ್ಮದೇ ಜೂನಿಯರ್ ಕಾಲೇಜಿನ ಮಕ್ಕಳಿಗೆ ಮೊದಲ ಆದ್ಯತೆ. ಆದ್ದರಿಂದ ಬಿ.ಕಾಂ., ಬಿ.ಎಸ್‌ಸಿ. ಮಾಡುವ ಯೋಚನೆ ಇದ್ದರೆ ಡಿಗ್ರಿಯೂ ಇರುವ ಕಾಲೇಜನ್ನು ಹನ್ನೊಂದಕ್ಕೇ ಆರಿಸುವುದು ಒಳ್ಳೆಯದು.

ಬಿಎಂಎಸ್, ಬಿಬಿಎ, ಬಿಸಿಎ ಓದುವ ಆಸೆ ಇದ್ದರೆ, 2024ರಿಂದ ಇವುಗಳಿಗೆ ರಾಜ್ಯದ ಸಿಇಟಿ ಬಂದಿದೆ. ಆ ಪರೀಕ್ಷೆಯ ಅರ್ಜಿ ಹನ್ನೆರಡರ ಫಲಿತಾಂಶಕ್ಕೆ ಮೊದಲೇ ಮುಗಿದುಹೋಗಬಹುದು. ಕೆಲವು ಕಾಲೇಜುಗಳು ಅದೇ ಓದನ್ನು ಬಿ.ಕಾಂ. ಹೆಸರಿನಲ್ಲಿ ಇಟ್ಟುಕೊಂಡು ಅಂಕದ ಮೇಲೆ ಸೇರಿಸಿಕೊಳ್ಳುತ್ತವೆ. ಎರಡನ್ನೂ ವಿಚಾರಿಸಿ.

ಮೀಸಲಾತಿಯ ಮಕ್ಕಳು ವಿಜ್ಞಾನ ತೆಗೆದುಕೊಂಡರೆ ಜಾತಿ ಸಿಂಧುತ್ವ ಪ್ರಮಾಣಪತ್ರಕ್ಕೆ ಕಾಲೇಜಿನ ಮೂಲಕ ಬೇಗ ಅರ್ಜಿ ಹಾಕಬೇಕು. ಜಾತಿ ಪತ್ರ ನಿಜ ಎಂದು ಜಿಲ್ಲಾ ಸಮಿತಿ ತಪಾಸಣೆ ಮಾಡಿ ಕೊಡುವ ಪತ್ರ ಇದು. ಎಂಜಿನಿಯರಿಂಗ್, ಮೆಡಿಕಲ್ ಪ್ರವೇಶಕ್ಕೆ ಬೇಕೇ ಬೇಕು. ಬರಲು ತಿಂಗಳುಗಳೇ ಹಿಡಿಯಬಹುದು.

ಕೊನೆಯದಾಗಿ, ನಮ್ಮವರು ಜಾಸ್ತಿ ಕೇಳುವ ಪ್ರಶ್ನೆ: ‘ಹತ್ತು ಇಲ್ಲಿ ಮುಗಿಸಿ ಪಿಯುಸಿಗೆ ಮಂಗಳೂರು ಕಡೆ ಕಳಿಸೋಣವೇ?’ ಕಳಿಸಬಹುದು, ಅಲ್ಲಿನ ಕಾಲೇಜುಗಳು ಚೆನ್ನಾಗಿವೆ. ಆದರೆ ಮಹಾರಾಷ್ಟ್ರದಲ್ಲಿ ಎಂಬಿಬಿಎಸ್ ಸೇರಲು ರಾಜ್ಯದ ಸೀಟು ಬೇಕೆಂದರೆ ಸಾಮಾನ್ಯವಾಗಿ ಹತ್ತು, ಹನ್ನೆರಡು ಎರಡೂ ಇಲ್ಲೇ ಆಗಿರಬೇಕು. ಪಿಯುಸಿ ಅಲ್ಲಿ ಮಾಡಿದರೆ ಆ ಬಾಗಿಲು ಮುಚ್ಚುತ್ತದೆ. ಕರ್ನಾಟಕದ ಸರ್ಕಾರಿ ಸೀಟಿಗೆ ಮಗು ಅಲ್ಲಿ ಎಷ್ಟು ವರ್ಷ ಓದಿದೆ, ತಂದೆ ತಾಯಿ ಎಲ್ಲಿ ಓದಿದ್ದಾರೆ ಎಂಬ ನಿಯಮಗಳಿವೆ. ನಿಮ್ಮ ಹಳೆಯ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಅಲ್ಲಿ ಕೆಲಸಕ್ಕೆ ಬರಬಹುದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿ ಅರ್ಹತೆಯ ಭಾಗವನ್ನು ಓದಿ, ನಿಮ್ಮ ಮಗು ಯಾವ ನಿಯಮದಡಿ ಬರುತ್ತದೆ ಎಂದು ಗುರುತು ಮಾಡಿಕೊಂಡು, ಅದಕ್ಕೆ ಬೇಕಾದ ಪತ್ರಗಳು ಊರಿನ ಶಾಲೆಯಲ್ಲಿ ಸಿಗುತ್ತವೆ ಎಂದು ಖಚಿತವಾದ ಮೇಲೆ ಹಾಸ್ಟೆಲಿಗೆ ಹಣ ಕಟ್ಟಿ.